ಅಮ್ಮನ ಮೊಣಕಾಲಿನ ಬ್ರೇಸ್: ಅಳತೆ ಯಾರು ನೋಡಬೇಕು?

ನಮ್ಮನೆ ಶಿರಸಿ ಹತ್ತಿರ. ಕೊಟ್ಟಿಗೆಯಲ್ಲಿ ಜಾರಿ ಅಮ್ಮನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಡಾಕ್ಟರು ಚೀಟಿಯಲ್ಲಿ 'ಹಿಂಜ್ಡ್ ನೀ ಬ್ರೇಸ್' (ಬದಿಯಲ್ಲಿ ಬಾಗಿಲಿನ ಹಿಂಜಿನಂತೆ ಮಡಚುವ, ಮೊಣಕಾಲಿಗೆ ಕಟ್ಟುವ ಆಸರೆ) ಅಂತ ಬರೆದರು, ಅಷ್ಟೇ. ಅಂಗಡಿ ಹುಡುಗ ಸೀರೆ ಮೇಲಿಂದಲೇ ಟೇಪು ಸುತ್ತಿ "ಎಲ್ ಸೈಜು" ಅಂದ. ನಾಲ್ಕನೇ ದಿನಕ್ಕೆ ಪಾದದ ಮೇಲ್ಭಾಗ ಜೋಮು. ಹೆಬ್ಬೆರಳು ಮೇಲೆತ್ತಲಿಕ್ಕೆ ಆಗೂದಿಲ್ಲ, ಅಂಗಳ ದಾಟುವಾಗ ಚಪ್ಪಲಿ ಕಳಚಿ ಬೀಳುತ್ತೆ. ಕನ್ನಡಕಕ್ಕಾದರೂ ಕಣ್ಣು ನೋಡ್ತಾರೆ ಮಾರಾಯ್ರೆ! ಇದನ್ನು ಯಾರು ಬೇಕಾದರೂ ಕಟ್ಟಬಹುದಾ?

ಉತ್ತರ, ಕುಮಟಾದಿಂದ:
ಚರ್ಚೆ ಆಮೇಲೆ. ಪಟ್ಟಿ ಸಡಿಲಿಸಿ, ಇವತ್ತೇ ಡಾಕ್ಟರಿಗೆ ತೋರಿಸಿ. ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ ಎಲುಬಿನ ಗಂಟು ಸಿಗುತ್ತಲ್ಲ, ಅದನ್ನು ಸುತ್ತಿಕೊಂಡೇ ಪಾದ ಎತ್ತಿಸುವ ಪೆರೋನಿಯಲ್ ನರ ಚರ್ಮದಡಿ ಹಾದುಹೋಗುತ್ತೆ. ಅಲ್ಲಿ ಬಿಗಿಯಾದರೆ ಪಾದ ಜೋತುಬೀಳುತ್ತೆ.

ಉತ್ತರ, ಕಾರವಾರದಿಂದ:
ಇದು ಆರ್ಥೋಟಿಸ್ಟ್ (ಇಂಥ ಬ್ರೇಸ್‌ಗಳನ್ನು ಅಳತೆ ನೋಡಿ ಕೂರಿಸುವವರು) ಕೆಲಸ. ಅವರು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಅಂಗಡಿಯವನು "ನಾನು ಮಾರಿದ್ದಷ್ಟೇ" ಅಂತಾನೆ, ನೋಡಿ. ರೆಡಿಮೇಡ್ ಕಟ್ಟುವುದಕ್ಕೂ ನೋಂದಣಿ ನಂಬರ್ ಕೇಳಬೇಕು ಅನ್ನೋದು ನನ್ನ ಹಟ. ಹಿಂಜು ಕೀಲಿನ ನೇರಕ್ಕೆ ಕೂತಿದೆಯಾ ನೋಡಿ; ಜಾರಿದ್ದರೆ ದುಡ್ಡು ಕೊಟ್ಟು ನೋವು ತಂದಂತೆ.

ಕೇಳಿದವರು:
ಬಿಚ್ಚಿ ನೋಡಿದೆ. ಹಿಂಜು ನಾಲ್ಕು ಬೆರಳು ಕೆಳಗೆ ಜಾರಿತ್ತು, ಆ ಗಂಟಿನ ಮೇಲೇ ಕೆಂಪು ಬರೆ. ಜೀಪು ಬಂತು, ಹೊರಟೆವು.