ಕೋಟಿ ಕಂದಕದ ದಂಡಿಗೆ ಹಳೇ ಕಲ್ಲಿನ ಮನಿ: ಗೋಡಿ ತಂಪು ಬಿಡವಲ್ದು

ಪ್ರಶ್ನೆ
ಕಲಬುರಗಿ ಕೋಟಿ ಕಂದಕದ ಹತ್ತಿರದ ಮನಿ. 2 ಫೂಟ್ ದಪ್ಪದ ಕಲ್ಲು-ಮಣ್ಣಿನ ಗೋಡಿ, ನೆಲಕ್ಕ ಶಹಾಬಾದ ಪರಸಿ. 5 ವರ್ಷದ ಹಿಂದ ಒಳಗ ಸಿಮೆಂಟ್ ಗಿಲಾವ್ ಆಗ್ಯದ. ಈಗ 3 ಫೂಟ್ ತನಕ ಬಿಳಿ ಉಪ್ಪು ಬಂದು ಗಿಲಾವ್ ಉಬ್ಬಿ ಉದುರ್ಲಿಕತ್ತದ. ವಾಟರ್‌ಪ್ರೂಫ್ ಪೇಂಟ್ ಹೊಡಿಸಿದ್ರ ನಿಲ್ತದೇನ್ರಿ?

ಉತ್ತರ 1
ಪೇಂಟ್ ಬ್ಯಾಡ್ರಿ. ಇಂಥ ಗೋಡಿ ನೆಲದ ನೀರು ಎಳ್ಕೊಂಡು ಎರಡೂ ಮೈಯಿಂದ ಆರಸ್ಕೋತದ. ಸಿಮೆಂಟ್ ಆ ದಾರಿ ಮುಚ್ಚಿದ್ರ ನೀರು ಇನ್ನೂ ಮ್ಯಾಲ ಏರತದ. ಪರಸಿ ಸಂದಿಗೂ ಸಿಮೆಂಟ್ ತುಂಬಿದ್ರ ನೆಲದ ತಂಪೆಲ್ಲಾ ಗೋಡಿಗೇ ಹೋಗ್ತದ.

ಸಂಕ್ರಾಂತಿ ಆದ ಮ್ಯಾಲ ಉಪ್ಪಿನ ಗೆರಿಗಿಂತ ಒಂದೂವರೆ ಫೂಟ್ ಮ್ಯಾಲಿನ ತನಕ ಸಣ್ಣ ಉಳಿಯಿಂದ ಸಿಮೆಂಟ್ ಕೆತ್ತಸ್ರಿ. ಬ್ರೇಕರ್ ಹಚ್ಚಿದ್ರ ಒಳಗಿನ ಮಣ್ಣು ಸಡಿಲಾಗತದ. ಉಪ್ಪನ್ನ ಒಣ ಬ್ರಷ್‌ನಿಂದ ಉಜ್ಜಿ ಹೊರಗ ಚೆಲ್ರಿ. ನೀರಿಂದ ತೊಳೆದ್ರ ಕರಗಿ ವಾಪಸ್ ಒಳಗ ಇಳೀತದ. ಬ್ಯಾಸಗಿ ಪೂರಾ ಗೋಡಿ ಬಿಚ್ಚೇ ಇರಲಿ. ಹೊಸ ಗಿಲಾವ್, ಅಂದ್ರ ಸುಣ್ಣದ ಗಚ್ಚಿನ ಕೆಲಸ, ದೀಪಾವಳಿ ಆದ ಮ್ಯಾಲ ಹಿಡೀರಿ. ಏಪ್ರಿಲ್-ಮೇ ಬಿಸಲಿಗೆ ಸುಣ್ಣ ಗಟ್ಟಿಯಾಗೋ ಮೊದಲೇ ಒಣಗಿ ಪುಡಿ ಉದುರತದ.

ಗಚ್ಚಿಗೆ 3 ವಾರ ನೆನೆಸಿದ ಸುಣ್ಣ 1 ಪಾಲು, ತೊಳೆದ ಉಸುಕು 3 ಪಾಲು. ಒಂದು ಕೋಟ್ ಅರ್ಧ ಇಂಚಿಗಿಂತ ದಪ್ಪ ಬ್ಯಾಡ. 7 ದಿನ ಒದ್ದಿ ಗೋಣಿ ತಟ್ಟು ಹಚ್ರಿ. ಮ್ಯಾಲ ಬರೀ ಸುಣ್ಣ ಬಳೀರಿ. ಬಿಗಿ ಬರಲಿ ಅಂತ ಗೌಂಡಿ ಒಂದು ಬುಟ್ಟಿ ಸಿಮೆಂಟ್ ಕಲಸಲಿಕ್ಕೆ ನೋಡ್ತಾರ, ಅಲ್ಲೇ ನಿಂತು ತಡೀರಿ.

ಉತ್ತರ 2
ಉಳಿ ಹಿಡಿಯೋ ಮೊದಲು ಅನುಮತಿ ನೋಡ್ರಿ. ಕೋಟಿ ಕೇಂದ್ರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ, ಮುಂದಿನ 200 ಮೀಟರ್ ನಿಯಂತ್ರಿತ. ಅಳತಿ ಕೋಟಿ ಗೋಡಿಯಿಂದ ಅಲ್ಲ, ಆ ಗಡಿಯಿಂದ. 100 ಮೀಟರ್ ಒಳಗ ಹೊಸದು ಕಟ್ಟಂಗಿಲ್ಲ, ಆದ್ರ ಇದ್ದ ಮನಿ ರಿಪೇರಿಗೆ ಅರ್ಜಿ ಹಾಕಬಹುದು. 1992 ಜೂನ್ 16ಕ್ಕಿಂತ ಮೊದಲೇ ಮನಿ ಇತ್ತು ಅನ್ನೋದಕ್ಕ ಹಳೇ ತೆರಿಗೆ ರಸೀದಿ ಹುಡುಕಿ ಇಡ್ರಿ.

ಉತ್ತರ 3
ಹೊರಗಿನ ರಸ್ತೆ ಒಳಗಿನ ಪರಸಿಗಿಂತ ಎಷ್ಟು ಎತ್ತರ ಅದ?

ಪ್ರಶ್ನೆ ಕೇಳಿದವರು
9 ಇಂಚ್ ಮ್ಯಾಲದ್ರಿ. ಡಾಂಬರಿನ ಮ್ಯಾಲ ಡಾಂಬರು ಬಿದ್ದದ.

ಉತ್ತರ 3
ಹಂಗಾದ್ರ ಕಂದಕಕ್ಕಿಂತ ರಸ್ತೆಯ ಮಳಿನೀರೇ ಹೆಚ್ಚು ಕಾಡ್ತಿರಬೇಕು. ಗೋಡಿಗುಂಟ 2 ಫೂಟ್ ಅಗಲ ಅಗೆದು, ಒಳಗಿನ ನೆಲಕ್ಕಿಂತ 6 ಇಂಚ್ ಕೆಳಗ ಪರಸಿ ಹಾಸಿ, ಗೋಡಿಯಿಂದ ಹೊರಕ್ಕ 1 ಇಂಚ್ ಇಳಿಜಾರು ಕೊಡ್ರಿ. ಈ ಅಗೆತಾನೂ ಅರ್ಜಿಯೊಳಗ ಬರೀರಿ. ಆದ್ರ ಮೊದಲು ಗಟಾರದ ತಳ ಅಳೀರಿ; ಅದು ನೀವು ಹಾಸಿದ ಪರಸಿಗಿಂತ ಮ್ಯಾಲಿದ್ರ ನೀರು ತಿರುಗಿ ಪಾಯಾಕ್ಕೇ ಬರತದ. ಪಾಯಾದ ತಳದ ತನಕ ಮಾತ್ರ ಅಗೀಬ್ಯಾಡ್ರಿ. ನಮ್ಮ ಎರಿ ಮಣ್ಣು ಒಣಗಿದ್ರ ಬಿರೀತದ, ನೆನೆದ್ರ ಉಬ್ಬತದ, ಗೋಡಿ ಸೀಳತದ.