ಪದ ಬೇಕು: 'ಸೆಕ್ಯುರಿಟಿ ಗಾರ್ಡ್' (ಬೋರ್ಡಿಗೆ, ನಾಳೆಯೇ)

ಎಲ್ಲರಿಗೂ ನಮಸ್ಕಾರ.

ಸಣ್ಣದೊಂದು ಸೆಕ್ಯುರಿಟಿ ಏಜೆನ್ಸಿ ಶುರು ಮಾಡುತ್ತಿದ್ದೇನೆ. ಸದ್ಯಕ್ಕೆ 11 ಜನ, ಅದರಲ್ಲಿ ಮೂವರು ಹೆಂಗಸರು. ನಾಳೆ ಬೆಳಿಗ್ಗೆ ಬೋರ್ಡ್ ಬರೆಯುವವರಿಗೆ ಮ್ಯಾಟರ್ ಕೊಡಬೇಕು. ಮೂರು ಕಡೆ ಕನ್ನಡ ಬೇಕು: ಬೋರ್ಡು, ಅಂಗಿ ತೋಳಿನ ಪಟ್ಟಿ, ರಾತ್ರಿ ಸುತ್ತು ಹಾಕಿದ್ದನ್ನು ಬರೆದಿಡುವ ರಿಜಿಸ್ಟರ್.

'ಭದ್ರತಾ ಸಿಬ್ಬಂದಿ' ತೋಳಿನ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಒಬ್ಬನೇ ಇದ್ದರೂ ಸಿಬ್ಬಂದಿ ಅನ್ನಬಹುದಾ ಅನ್ನುವ ಅನುಮಾನ ಬೇರೆ. 'ಕಾವಲುಗಾರ' ಅಂದರೆ ನಮ್ಮ ಹುಡುಗರು ಮುಖ ಕಿವುಚುತ್ತಾರೆ. "ಅದು ತೋಟ ಕಾಯೋರಿಗೆ ಸಾರ್, ನಾವು ಸೆಕ್ಯುರಿಟಿ" ಅಂದರು. ಒಂದು ಪದ ಹೇಳಿ ಪುಣ್ಯ ಕಟ್ಟಿಕೊಳ್ಳಿ.

*

ಉ: ಇದರಲ್ಲಿ ಕೇಳುವುದೇನಿದೆ? ಕಾಯ್ ಅನ್ನೋದು ಅಚ್ಚಗನ್ನಡ ಬೇರು. ಕಾಪು, ಕಾಪಾಡು, ಕಾವಲು ಎಲ್ಲ ಅಲ್ಲಿಂದಲೇ. ಕಾಯ್ದೆ ಕೂಡ ಇದೇ ಬೇರು, ನಮ್ಮನ್ನು ಕಾಯುವುದೇ ಕಾಯ್ದೆ.

'ಭದ್ರತೆ' ಬೇಡವೇ ಬೇಡ. ಸಂಸ್ಕೃತದಲ್ಲಿ ಭದ್ರ ಅಂದರೆ ಮಂಗಳ, ಶುಭ. ಗೇಟಿಗೆ ಬೀಗ ಹಾಕಿದೆಯಾ ಅಂತ ನೋಡುವವನಿಗೂ ಅದಕ್ಕೂ ಏನು ಸಂಬಂಧ? 'ಕಾವಲುಗಾರ'ವೂ ಬೇಡ. ಗಾರ ಅನ್ನೋದು ಸಂಸ್ಕೃತದ 'ಕಾರ'. 'ಕಾವಲಿಗ' ಅನ್ನಿ. ಸಿಬ್ಬಂದಿ ಪರವಾಗಿಲ್ಲ, ಅದು ನಮ್ಮದೇ.

*

ಉ: > ಕಾಯ್ದೆ ಕೂಡ ಇದೇ ಬೇರು

ಅಲ್ಲ. ಅರಬ್ಬಿಯ 'ಕಾಇದಾ'. ನಿಘಂಟು ತೆಗೆದು ನೋಡಿ ಬರೆಯಿರಿ.

> ಸಿಬ್ಬಂದಿ ಪರವಾಗಿಲ್ಲ, ಅದು ನಮ್ಮದೇ

ಅದೂ ಅಲ್ಲ, ಪಾರಸಿ. ಕಂಪನಿ ಕಾಲದ ಇಂಗ್ಲಿಷ್ ಬರಹಗಳಲ್ಲಿ 'ಸೆಬಂಡಿ' ಅಂತ ಸಿಗುತ್ತದೆ. ಇಲ್ಲಿನ ಇಂಗ್ಲಿಷರ ಮಾತಿನ ಪದಕೋಶ, 1886ರ ಹಾಬ್ಸನ್-ಜಾಬ್ಸನ್‌ನಲ್ಲೂ ಇದೆ. ಕಂದಾಯ ವಸೂಲಿಗೆ, ಪೊಲೀಸ್ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡ, ಪಕ್ಕಾ ಸೈನ್ಯಕ್ಕೆ ಸೇರದ ಪಡೆ ಅದು. ಅಂದರೆ ಕೇಳಿದವರ 11 ಜನ ಇದ್ದಾರಲ್ಲ, ಹೆಚ್ಚುಕಡಿಮೆ ಅವರೇ! ಈಗ ಆಫೀಸಿನ ಟೈಪಿಸ್ಟೂ ಸಿಬ್ಬಂದಿ. ಪದ ಕೋಲು ಬಿಟ್ಟು ಕುರ್ಚಿ ಹಿಡಿದಿದೆ.

ಇನ್ನು ನಿಮ್ಮ 'ಕಾವಲಿಗ'ದ 'ಇಗ'. ಸಾಲಗಾರನನ್ನೂ ಹೀಗೇ ತಿದ್ದಿ 'ಸಾಲಿಗ' ಮಾಡಿದರೆ ಪಾಪ, ಮಗ್ಗದ ಮುಂದೆ ಕೂರಬೇಕಾಗುತ್ತದೆ. ಸಾಲಿಗ ಅಂದರೆ ನೇಕಾರ.

*

ಉ: ಮೂಲಕ್ಕೇ ಹೋಗೋಣ. ಸೆಕ್ಯುರಿಟಿ ಲ್ಯಾಟಿನ್‌ನದು. 'ಸೆ' ಅಂದರೆ ಇಲ್ಲದೆ, 'ಕೂರಾ' ಅಂದರೆ ಚಿಂತೆ. ಹಾಗಾಗಿ 'ನಿಶ್ಚಿಂತೆ' ಸರಿಯಾದ ಪದ.

*

ಉ: ತೋಳಿನ ಮೇಲೆ 'ನಿಶ್ಚಿಂತೆ' ಅಂತ ಬರೆಸಿಕೊಂಡವನು ರಾತ್ರಿ ಎರಡಕ್ಕೆ ಮಲಗಿಬಿಡುತ್ತಾನೆ.

*

ಉ: ನಾನು ಆರು ವರ್ಷ ಈ ಕೆಲಸ ಮಾಡಿದವನು, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಯಾರೂ ಭದ್ರತೆ ಅನ್ನಲ್ಲ, ಕಾವಲಿಗ ಅನ್ನಲ್ಲ. ಪಾಯಿಂಟ್, ರೌಂಡ್ಸ್, ರಿಲೀವರ್, ಡಬಲ್ ಡ್ಯೂಟಿ, ಇಷ್ಟೇ. "ರಿಲೀವರ್ ಬಂದಿಲ್ಲ" ಅನ್ನುವ ಮಾತಿಗೆ ಕನ್ನಡ ಹುಡುಕುವಷ್ಟರಲ್ಲಿ ಇನ್ನೊಂದು ಪಾಳಿ ನಿಂತು ಮುಗಿಸಿರುತ್ತೀರಿ. ಹಾಂ, ಪಾಳಿ ಒಳ್ಳೆಯ ಪದ, ಶಿಫ್ಟಿಗೆ ಬಳಸಿ.

ರಿಜಿಸ್ಟರಿಗೆ 'ಗಸ್ತು ಪುಸ್ತಕ' ಸಾಕು. ಒಳಗೆ ನಾಲ್ಕೇ ಮನೆ ಹಾಕಿಸಿ: ಗಂಟೆ, ಜಾಗ, ಕಂಡದ್ದು, ಸಹಿ. 'ವೀಕ್ಷಣೆ' ಅಂತ ಹಾಕಿಸಿದರೆ ಎಲ್ಲರೂ 'ಸರಿ ಇದೆ' ಅಂತ ಗೀಚಿ ಬಿಡುತ್ತಾರೆ. 'ಕಂಡದ್ದು' ಅಂದರೆ ಹಿಂದಿನ ಗೇಟಿನ ಬಲ್ಬ್ ಹೋಗಿದೆ ಅಂತ ಬರೆಯುತ್ತಾರೆ.

ಇನ್ನೊಂದು ಮಾತು. ಚೆನ್ನಾಗಿ ಕೇಳಿಸುತ್ತೆ ಅಂತ 'ಆರಕ್ಷಕ' ಬರೆಸಬೇಡಿ. ಅದು ಪೊಲೀಸ್. ಖಾಸಗಿ ಗಾರ್ಡ್ ಪೊಲೀಸಿನ ಹಾಗೆ ಕಂಡರೆ ತಲೆನೋವು ನಿಮಗೇ.

*

ಉ: ಗಸ್ತು ಪಾರಸಿ, ಪಹರೆ ಉರ್ದು. ಎರಡೂ ಬೇಡ. ಹೀಗೆ ಸಿಕ್ಕಿದ್ದನ್ನೆಲ್ಲ ಒಳಗೆ ಬಿಟ್ಟುಕೊಂಡೇ ಕನ್ನಡ ಈ ಗತಿಗೆ ಬಂದದ್ದು. ಮೊದಲು ನುಡಿಗೆ ಕಾವಲು ಹಾಕಬೇಕು.

*

ಉ: ಪಹರೆ ಹಿಂದಿ ಹಾದಿಯಲ್ಲಿ ಬಂದಿರಬಹುದು, ಹುಟ್ಟಿದ್ದು ಸಂಸ್ಕೃತದ 'ಪ್ರಹರ'ದಿಂದ. ಪ್ರಹರ ಅಂದರೆ ಮೂರು ಗಂಟೆ, ನಮ್ಮ ಜಾವ. ಒಂದು ಜಾವ ಎದ್ದಿರುವುದೇ ಪಹರೆ. ಜಾವವೂ 'ಯಾಮ'ದ ತದ್ಭವ, ಅದನ್ನೂ ಹೊರಗೆ ಹಾಕುತ್ತೀರಾ? ನಿಮ್ಮ ಕಾವಲು ದಾಟಿ ಒಳಗೆ ಬರುವಷ್ಟು ಪದಗಳಲ್ಲಿ ಒಂದು ಬೋರ್ಡೂ ತುಂಬಲ್ಲ.

*

ಉ: ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಕಾಗದ ಕತ್ತರಿಸಿ ತೋಳಿಗೆ ಇಟ್ಟು ನೋಡಿದೆ. 'ಕಾವಲುಗಾರ್ತಿ' ಮೊಣಕೈವರೆಗೆ ಹೋಗುತ್ತದೆ. ಸುಮ್ನೆ 'ಕಾವಲು' ಅಂತ ಮೂರಕ್ಷರ ಹಾಕಿದರೆ ಗಂಡಸು, ಹೆಂಗಸು ಇಬ್ಬರಿಗೂ ಆಗುತ್ತದೆ. ಹುಡುಗರೂ ಒಪ್ಪಿದರು, ಕೆಳಗೆ ಸಣ್ಣದಾಗಿ 'ಸೆಕ್ಯುರಿಟಿ' ಅಂತಲೂ ಇರಬೇಕು ಅನ್ನುವ ಷರತ್ತಿನ ಮೇಲೆ. ಬೋರ್ಡಿಗೂ ಅದೇ. ರಿಜಿಸ್ಟರಿಗೆ 'ಗಸ್ತು ಪುಸ್ತಕ'.

*

ಉ: ಪುಸ್ತಕ ಸಂಸ್ಕೃತ. ಹೊತ್ತಗೆ ಅನ್ನಿ.

*

ಉ: ಹೊತ್ತಗೆ ಪುಸ್ತಕದ ತದ್ಭವ, ಮೇಷ್ಟ್ರೇ.