ಹೆಂಡತಿ ತೀರಿಕೊಂಡ ಮನೆ, ಎರಡು ಮಕ್ಕಳು: ನಮ್ಮ ಸಂಘ ಏನು ಮಾಡಬಹುದು ಮೇಡಂ?

ಪ್ರಶ್ನೆ (ಹಾಸನ ಜಿಲ್ಲೆಯ ಸದಸ್ಯರು): ನಮಸ್ತೆ ಮೇಡಂ. ನಮ್ಮ ಬೀದಿಯಲ್ಲಿ ಗಾರೆ ಕೆಲಸ ಮಾಡುವ ಒಬ್ಬ ಅಣ್ಣ ಇದ್ದಾರೆ. ಜುಲೈನಲ್ಲಿ ಅವರ ಹೆಂಡತಿ ಕಾಮಾಲೆಯಾಗಿ ತೀರಿಕೊಂಡರು. ಮಗಳಿಗೆ ಒಂಬತ್ತು, ಮಗನಿಗೆ ಎರಡೂವರೆ ವರ್ಷ. ತಿಥಿ ಹೊತ್ತಿಗೆ ಊರೆಲ್ಲ ಸೇರಿ ಅಕ್ಕಿ, ಬೇಳೆ, ಬಟ್ಟೆ ಅಂತ ಕೊಟ್ಟೆವು, ಮನೆಯಲ್ಲಿ ಇಡೋಕೆ ಜಾಗ ಇರಲಿಲ್ಲ. ಈಗ ಮೂರು ತಿಂಗಳಾಯ್ತು. ಚಿಕ್ಕವನನ್ನು ಬಿಟ್ಟು ಹೋಗೋಕಾಗದೆ ಅವರು ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋದರೆ ಹೆಚ್ಚು. ಅವರು ಹೋದ ದಿನ ಮಗಳು ಶಾಲೆ ತಪ್ಪಿಸಿ ತಮ್ಮನನ್ನು ಎತ್ತಿಕೊಂಡು ಕೂತಿರ್ತಾಳೆ. ನಮ್ಮ ಯುವಕರ ಸಂಘದಲ್ಲಿ ಗಣಪತಿ ಚಂದಾ ಹಣ 38 ಸಾವಿರ ಉಳಿದಿದೆ. ಮಕ್ಕಳ ಫೋಟೊ ಹಾಕಿ ಇನ್ನಷ್ಟು ಹಣ ಎತ್ತೋಣ ಅಂತ ಕೆಲವರು, ಒಟ್ಟಿಗೆ ಕೊಟ್ಟುಬಿಡೋಣ ಅಂತ ಕೆಲವರು. ಏನು ಮಾಡೋದು?

ಉತ್ತರ: ನಮಸ್ತೆ ತಮ್ಮ. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಹದಿನಾರು ವರ್ಷದಿಂದ ಇದ್ದೀನಿ, ಇಂಥ ಮನೆಗಳಿಗೆ ಹೋಗೋದೇ ನನ್ನ ಕೆಲಸ. ಹನ್ನೊಂದನೇ ದಿನಕ್ಕೆ ಅಕ್ಕಿ ಮೂಟೆ ರಾಶಿ ಬೀಳುತ್ತೆ, ನಾಲ್ಕನೇ ತಿಂಗಳಿಗೆ ಬಾಗಿಲಿಗೆ ಯಾರೂ ಬರಲ್ಲ. ನೀವು ಆ ನಾಲ್ಕನೇ ತಿಂಗಳಲ್ಲಿ ಕೇಳ್ತಿದ್ದೀರಲ್ಲ, ಅದಕ್ಕೇ ಉದ್ದವಾಗಿ ಬರೀತೀನಿ.

ಹಣ ಒಟ್ಟಿಗೆ ಕೊಡಬೇಡಿ. ಅಣ್ಣ ಹಾಳು ಮಾಡ್ತಾರೆ ಅಂತಲ್ಲ. ಹೆಂಡತಿಯ ಆಸ್ಪತ್ರೆ ಸಾಲ ಇದ್ದೇ ಇರುತ್ತೆ, ಕೊಟ್ಟ ದುಡ್ಡು ಅದೇ ದಿನ ಅಲ್ಲಿಗೆ ಹೋಗುತ್ತೆ. ಅವರಿಗೆ ಈಗ ಬೇಕಿರೋದು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಚಿಕ್ಕವನು ಇರೋಕೆ ಒಂದು ಜಾಗ. ಅದು ಸಿಕ್ಕರೆ ಅವರು ವಾರಕ್ಕೆ ಆರು ದಿನ ದುಡೀತಾರೆ, ಮಗಳು ಶಾಲೆಗೆ ಹೋಗ್ತಾಳೆ. ಮೊದಲು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯಾ ವಿಚಾರಿಸಿ. ನರೇಗಾ ಕೂಲಿಕಾರರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳೋಕೆ ಅಂತ ಶುರುವಾದದ್ದು, 2023ರ ರಾಜ್ಯ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆ ಹೇಳಿದ್ದರು. ಜಾಬ್ ಕಾರ್ಡ್ ಇಲ್ಲದಿದ್ದರೆ ಮಾಡಿಸಿ. ಕೂಸಿನ ಮನೆ ಇಲ್ಲದಿದ್ದರೆ ಬೀದಿಯಲ್ಲೇ ನಂಬಿಕೆಯ ಒಬ್ಬ ಅಜ್ಜಿ ಇದ್ದೇ ಇರ್ತಾರೆ. ತಿಂಗಳಿಗೆ ಮೂರು ಸಾವಿರ ಅಂತ ಅವರಿಗೆ ಕೊಡಿ, ನಿಮ್ಮ 38 ಸಾವಿರದಲ್ಲಿ ಒಂದು ವರ್ಷ ನಡೆಯುತ್ತೆ. ಅಷ್ಟರಲ್ಲಿ ಮಗುವಿಗೆ ಮೂರೂವರೆ ತುಂಬಿರುತ್ತೆ, ಅರ್ಧ ದಿನ ಅಂಗನವಾಡಿಯಲ್ಲಿ ಕಳೆಯುತ್ತೆ.

ಫೋಟೊ ಮಾತ್ರ ಖಂಡಿತ ಬೇಡ. ರಕ್ಷಣೆ, ಪೋಷಣೆ ಬೇಕಾದ ಮಗುವಿನ ಗುರುತನ್ನು ಯಾವುದೇ ಮಾಧ್ಯಮದಲ್ಲಿ ಬಹಿರಂಗ ಮಾಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತೆ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಒಂದು ಕಡೆ ಇರಲಿ. ಆ ಹುಡುಗಿ ನಾಳೆ ಹೈಸ್ಕೂಲಿಗೆ ಹೋದಾಗ 'ನಿನಗೆ ಚಂದಾ ಎತ್ತಿದ್ದರಲ್ಲ' ಅಂತ ಯಾರೋ ಮೊಬೈಲ್ ತೋರಿಸೋ ಹಾಗಾಗಬಾರದು.

ಇನ್ನು ಕಾಗದಪತ್ರ. ಇಲ್ಲಿ ನಿಮ್ಮ ಓಡಾಟ ಹಣಕ್ಕಿಂತ ಹೆಚ್ಚು ಬೆಲೆಯದು, ಯಾಕಂದ್ರೆ ಕೂಲಿ ಬಿಟ್ಟು ಕಚೇರಿಗೆ ಹೋದ ದಿನ ಆ ಮನೆಗೆ ದುಡ್ಡಿಲ್ಲ. ಬಿಪಿಎಲ್ ಮನೆಯಲ್ಲಿ ದುಡಿಯುವವರು 60 ತುಂಬುವ ಮೊದಲು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಬರುತ್ತೆ. 'ಸತ್ತಿದ್ದು ಹೆಂಡತಿ ಅಲ್ವಾ, ಗಂಡ ದುಡೀತಾನಲ್ಲ' ಅಂತ ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೀನಿ. ಯೋಜನೆಯ ಮಾರ್ಗಸೂಚಿಯಲ್ಲೇ ಮನೆವಾರ್ತೆ ನೋಡಿಕೊಳ್ಳುವ ಹೆಂಗಸನ್ನೂ ದುಡಿಯುವವಳು ಅಂತಲೇ ಪರಿಗಣಿಸಬೇಕು ಅಂತಿದೆ. ನಾಡಕಚೇರಿಗೆ ಹೋಗುವಾಗ ಆ ಸಾಲನ್ನು ಪ್ರಿಂಟ್ ತೆಗೆದುಕೊಂಡು ಹೋಗಿ.

ಆ ತಾಯಿಯ ಬ್ಯಾಂಕ್ ಪಾಸ್‌ಬುಕ್ ಹುಡುಕಿ, ಎಂಟ್ರಿ ಹಾಕಿಸಿ, ಒಂದೊಂದು ಸಾಲೂ ಓದಿ. ಎಲ್ಲಾದರೂ 436 ರೂಪಾಯಿ ಕಟ್ ಆಗಿದ್ದರೆ ಅದು ಜೀವನ ಜ್ಯೋತಿ ವಿಮೆ, ಎರಡು ಲಕ್ಷ. 20 ರೂಪಾಯಿ ಕಟ್ ಆಗಿದ್ದರೆ ಸುರಕ್ಷಾ ವಿಮೆ, ಅದು ಅಪಘಾತಕ್ಕೆ ಮಾತ್ರ. ಸ್ತ್ರೀಶಕ್ತಿ ಸಂಘದ ಖಾತೆ ತೆರೆದಾಗ ಯಾರೋ ಸಹಿ ಹಾಕಿಸಿರ್ತಾರೆ, ಗಂಡನಿಗೆ ಗೊತ್ತೇ ಇರಲ್ಲ. ಮಗಳ ಭಾಗ್ಯಲಕ್ಷ್ಮಿ ಬಾಂಡ್ ಇದ್ದರೆ ಅದನ್ನೂ ಹುಡುಕಿ. ಟ್ರಂಕಿನ ತಳದಲ್ಲೋ ಸೀರೆ ಮಡಿಕೆಯಲ್ಲೋ ಇರುತ್ತೆ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಥ್ಯಾಂಕ್ಸ್ ಮೇಡಂ. ಗೃಹಲಕ್ಷ್ಮಿ ದುಡ್ಡು ನಿಂತುಹೋಗಿದೆ. ತಿಂಗಳಿಗೆ ನಾಲ್ಕು ಸಾವಿರ ಕೊಡುವ ಯೋಜನೆ ಇದೆ ಅಂತಾರಲ್ಲ, ಅದು ಇವರಿಗೆ ಸಿಗುತ್ತಾ?

ಉತ್ತರ: ಗೃಹಲಕ್ಷ್ಮಿ ಮನೆಯ ಯಜಮಾನಿಗೆ ಬರೋದು. ಆಹಾರ ಭದ್ರತಾ ಕಾಯ್ದೆ ಪ್ರಕಾರ ಪಡಿತರ ಚೀಟಿಯಲ್ಲಿ 18 ತುಂಬಿದ ಹಿರಿಯ ಹೆಂಗಸೇ ಯಜಮಾನಿ, ಅಂಥವರು ಇಲ್ಲದಿದ್ದರೆ ಗಂಡಸು. ಮನೆಯಲ್ಲಿ ಉಳಿದಿರೋ ಹೆಣ್ಣು ಒಂಬತ್ತು ವರ್ಷದ ಹುಡುಗಿ, ಹಾಗಾಗಿ ಬರಲ್ಲ. ಅಣ್ಣನ ತಾಯಿ ನಿಜವಾಗಿಯೂ ಇವರ ಜೊತೆಗೇ ಬಂದು ಇರೋದಾದರೆ ಚೀಟಿಗೆ ಸೇರಿಸಿ ಅವರ ಹೆಸರಲ್ಲಿ ಅರ್ಜಿ ಹಾಕಬಹುದು.

ನಾಲ್ಕು ಸಾವಿರದ್ದು ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್). ಒಂದು ಮಗುವಿಗೆ ತಿಂಗಳಿಗೆ 4,000. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಬೇರೆ ಕಡೆ 96,000. ನನಗೆ ನೋವಾಗೋದು ಇಲ್ಲೇ. ಪ್ರಾಯೋಜಕತ್ವ ಯಾರಿಗೆ ಅಂತ ಹೇಳುವ ಬಾಲನ್ಯಾಯ ಕಾಯ್ದೆಯ 45ನೇ ಕಲಮಿನಲ್ಲಿ 'ತಾಯಿ ವಿಧವೆ, ವಿಚ್ಛೇದಿತೆ ಅಥವಾ ಕುಟುಂಬದವರು ಕೈಬಿಟ್ಟವಳಾಗಿದ್ದರೆ' ಅಂತ ಬರೆದಿದೆ. ಹೆಂಡತಿ ಸತ್ತ ತಂದೆಯ ಮಾತೇ ಇಲ್ಲ. ತಂದೆಗೆ ಮಾರಣಾಂತಿಕ ಕಾಯಿಲೆಯೋ, ಅಪಘಾತವಾಗಿ ದುಡಿಯೋಕೆ ಆಗದ ಸ್ಥಿತಿಯೋ ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಗಟ್ಟಿಮುಟ್ಟಾದ, ಬಡ, ಒಂಟಿ ತಂದೆ ನಡುವೆ ಬಿದ್ದುಹೋಗ್ತಾನೆ.

ಆದರೂ ಅರ್ಜಿ ಹಾಕಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕೊಡಿ, ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಮಾಡಿ ಅಂತ ಕೇಳಿ. ಮಗಳು ಎಷ್ಟು ದಿನ ಶಾಲೆ ತಪ್ಪಿಸಿದ್ದಾಳೆ ಅಂತ ಹಾಜರಾತಿ ಪುಟದ ನಕಲು ಲಗತ್ತಿಸಿ. ಮಂಜೂರಾಗಿದ್ದನ್ನೂ ನೋಡಿದ್ದೀನಿ, ತಿರಸ್ಕಾರ ಆಗಿದ್ದನ್ನೂ ನೋಡಿದ್ದೀನಿ. ಹಣ ಸಿಗಲಿ ಬಿಡಲಿ, ಇಂಥ ತಂದೆಯರು ಇದ್ದಾರೆ ಅಂತ ಕಡತದಲ್ಲಾದರೂ ದಾಖಲಾಗಬೇಕು. ಇದರ ಜೊತೆಗೆ ಅಣ್ಣನಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು, ಮಕ್ಕಳ ಓದಿಗೆ ಸಹಾಯಧನಕ್ಕೆ ಅರ್ಜಿ ಹಾಕಬಹುದು.

ಪ್ರಶ್ನೆ (ಹಿರಿಯ ಸದಸ್ಯರು): ಅಮ್ಮಾ, ಗಂಡಸು ಎಷ್ಟು ದಿನ ಮಾಡಿಯಾನು? ಯಾವುದಾದರೂ ಮಠದಲ್ಲೋ ಆಶ್ರಮದಲ್ಲೋ ಬಿಟ್ಟರೆ ಮಕ್ಕಳಿಗೆ ಊಟ, ವಿದ್ಯೆ ಎರಡೂ ಆಗುತ್ತಲ್ಲ. ಸಿದ್ಧಗಂಗೆಯಲ್ಲಿ ಓದಿ ಮುಂದೆ ಬಂದವರು ಎಷ್ಟು ಜನ ಇಲ್ಲ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತೆ ಸರ್. ಸಿದ್ಧಗಂಗೆಯ ದಾಸೋಹಕ್ಕೆ ನಾನೂ ಕೈ ಮುಗಿಯುತ್ತೀನಿ. ಆದರೆ ಇಲ್ಲಿ ಎರಡೂವರೆ ವರ್ಷದ ಮಗು ಇದೆ, ತಾಯಿ ಹೋಗಿ ಮೂರು ತಿಂಗಳಾಗಿದೆ. ಈಗ ಅಪ್ಪನೂ ಕಣ್ಣಿಗೆ ಬೀಳದಿದ್ದರೆ ಅದು ಯಾರನ್ನು ಹುಡುಕಬೇಕು? ಸಂಸ್ಥೆಗೆ ಸೇರಿಸೋದು ಕಟ್ಟಕಡೆಯ ದಾರಿ ಅಂತ ಬಾಲನ್ಯಾಯ ಕಾಯ್ದೆಯ 3ನೇ ಕಲಂ ಹೇಳುತ್ತೆ. 'ಗಂಡಸು ಎಷ್ಟು ದಿನ ಮಾಡಿಯಾನು' ಅನ್ನೋ ಮಾತು ಆ ಅಣ್ಣನ ಕಿವಿಗೆ ದಿನಾ ಬೀಳ್ತಿರುತ್ತೆ. ನಾನು ಕಂಡ ತಂದೆಯರಲ್ಲಿ ಹೆಚ್ಚಿನವರು ಮಾಡಿದ್ದಾರೆ. ಸಂಜೆ ಒಂದು ಗಂಟೆ ಹೋಂವರ್ಕ್ ನೋಡೋಕೆ, ಜ್ವರ ಬಂದಾಗ ಆಸ್ಪತ್ರೆಗೆ ಜೊತೆಗೆ ಬರೋಕೆ ಒಬ್ಬರು ಇದ್ದರೆ ಸಾಕಿತ್ತು ಅಂತ ಅವರೇ ಹೇಳ್ತಾರೆ.

ಪ್ರಶ್ನೆ (ಹೆಸರು ಬೇಡ ಎಂದವರು): ನಾನೂ ಅಂಥ ಒಬ್ಬ ತಂದೆ ಮೇಡಂ. ಮಗಳಿಗೆ ಹನ್ನೊಂದು. ಶಾಲೆಯಲ್ಲಿ ಎರಡು ಜಡೆ ಹಾಕ್ಕೊಂಡು ಬರಬೇಕು ಅಂತಾರೆ. ನಾನು ಹಾಕಿದ ಜಡೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಬಿಚ್ಚಿಹೋಗಿರುತ್ತೆ. ಹೋದ ವಾರ ಅವಳೇ ಕತ್ತರಿ ತಂದು 'ಕಟ್ ಮಾಡಿಬಿಡಪ್ಪ' ಅಂದಳು. ಇನ್ನು ಅವಳು ದೊಡ್ಡವಳಾದರೆ ನಾನು ಹೇಗೆ ಹೇಳಿಕೊಡಲಿ? ಯಾರನ್ನು ಕೇಳೋದಕ್ಕೂ ಬಾಯಿ ಬರಲ್ಲ.

ಉತ್ತರ: ಅಣ್ಣಾ, ಕೇಳಿದ್ದು ಒಳ್ಳೇದಾಯ್ತು. ಕೂದಲು ಒದ್ದೆಯಾಗಿರುವಾಗ ಹೆಣೆಯಬೇಡಿ. ಒಣಗಿಸಿ, ಸ್ವಲ್ಪ ಎಣ್ಣೆ ಹಚ್ಚಿ, ಕಿವಿಯ ಹಿಂದೆ ಮೊದಲು ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿ, ಆಮೇಲೆ ಮೂರು ಕಾಲು ತೆಗೆದು ಹೆಣೆಯಿರಿ. ಬುಡದಲ್ಲಿ ಬ್ಯಾಂಡ್ ಇದ್ದರೆ ಸಂಜೆವರೆಗೂ ನಿಲ್ಲುತ್ತೆ. ಕತ್ತರಿಸೋದಾದರೆ ಅವಳಿಗೆ ನಿಜವಾಗಿ ಇಷ್ಟ ಇದ್ದರೆ ಮಾತ್ರ, ನಿಮ್ಮ ಕಷ್ಟ ನೋಡಿ ಹೇಳಿದ್ದಾದರೆ ಬೇಡ.

ಮುಟ್ಟಿನ ವಿಷಯ ಈಗಲೇ ಮಾತಾಡಿ, ಆದ ಮೇಲಲ್ಲ. ಸೋದರತ್ತೆ, ಚಿಕ್ಕಮ್ಮ ಇದ್ದರೆ ಅವರಿಗೆ ಹೇಳಿ. ಇಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ಇದು ದಿನದ ಕೆಲಸ, ಸಂಕೋಚ ಬೇಡ. ಆದರೆ ಎಲ್ಲವನ್ನೂ ಅವರಿಗೇ ಬಿಡಬೇಡಿ. 'ಪ್ಯಾಡ್ ಈ ಕಪಾಟಿನಲ್ಲಿದೆ, ಮುಗಿದರೆ ನನಗೆ ಹೇಳು, ತರ್ತೀನಿ' ಅಂತ ನಿಮ್ಮ ಬಾಯಲ್ಲೇ ಒಮ್ಮೆ ಹೇಳಿ. ಅಪ್ಪನ ಹತ್ತಿರ ಹೇಳಬಹುದು ಅಂತ ಅವಳಿಗೆ ಗೊತ್ತಾಗೋದು ಆ ಒಂದು ಮಾತಿನಿಂದ.

ಪ್ರಶ್ನೆ (ಅಮೆರಿಕದಿಂದ): ಈ ಸಂಘಕ್ಕೆ ತಿಂಗಳಿಗೆ ಸ್ವಲ್ಪ ಕಳಿಸೋಣ ಅಂತಿದ್ದೀನಿ. ಕಳಿಸಬಹುದಾ?

ಉತ್ತರ: ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅದು ವಿದೇಶಿ ಮೂಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನಿಮ್ಮ ಒಳ್ಳೇ ಮನಸ್ಸು ಆ ಹುಡುಗರಿಗೆ ತೊಂದರೆ ತರಬಾರದು.

ಪ್ರಶ್ನೆ (ಹಾಸನದ ಸದಸ್ಯರು, ಎರಡು ದಿನದ ನಂತರ): ಮೇಡಂ, ಪಾಸ್‌ಬುಕ್ ಸಿಕ್ಕಿತು. ಹಿಟ್ಟಿನ ಡಬ್ಬದ ಹಿಂದೆ ಕವರಿನಲ್ಲಿ ಸುತ್ತಿ ಇಟ್ಟಿದ್ದರು. ಎಂಟ್ರಿ ಹಾಕಿಸಿದೆವು. ಮೇ 29ಕ್ಕೆ 436 ಕಟ್ ಆಗಿದೆ, ಹಿಂದಿನ ವರ್ಷವೂ ಮೇ ತಿಂಗಳಲ್ಲೇ ಆಗಿದೆ. ಅಣ್ಣ ಆ ಸಾಲನ್ನು ನೋಡಿ ಬ್ಯಾಂಕಿನ ಬೆಂಚಿನ ಮೇಲೇ ಕೂತು ಅತ್ತುಬಿಟ್ಟರು.

ಉತ್ತರ: ಹಾಗಾದರೆ ನಾಳೆ ಬೆಳಿಗ್ಗೆಯೇ ಅದೇ ಶಾಖೆಗೆ ಹೋಗಿ ಕ್ಲೈಮ್ ಫಾರಂ ಕೇಳಿ. ಮರಣ ಪ್ರಮಾಣಪತ್ರ, ನಾಮಿನಿಯಾಗಿ ಅಣ್ಣನ ಆಧಾರ್, ಅವರ ಪಾಸ್‌ಬುಕ್ ನಕಲು ಇರಲಿ. ಮೂರು ತಿಂಗಳಾಯ್ತು, ತಡವಾಯ್ತು ಅಂತ ಯಾರಾದರೂ ಹೇಳಿದರೆ ಎದ್ದು ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿಗೆ ಸೀಲ್ ಹಾಕಿಸಿಕೊಳ್ಳಿ. ಆ ದಿನ ಅಣ್ಣನ ಕೂಲಿ ಹೋಗುತ್ತೆ, ಅದನ್ನು ನಿಮ್ಮ ಗಣಪತಿ ಹಣದಿಂದ ಕೊಡಿ. ಮಗಳು ಶಾಲೆಗೆ ಹೋಗಲಿ, ಚಿಕ್ಕವನನ್ನು ನಿಮ್ಮಲ್ಲಿ ಯಾರಾದರೊಬ್ಬರು ಎತ್ತಿಕೊಂಡಿರಿ.